ನಲವತ್ತರ ಸೊನ್ನೆ

ಶನಿವಾರ ಬೆಳಿಗ್ಗೆ ಏಳು ಗಂಟೆ ಹದಿನೆಂಟು ನಿಮಿಷಕ್ಕೆ ಸರೋಜ, ಹೊಸನಗರದಲ್ಲಿ ತಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಶಟರನ್ನು ಸೊಂಟದೆತ್ತರಕ್ಕೆ ಎತ್ತಿಟ್ಟು ಒಳಗೆ ಕೂತು, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾನೇ ಬರೆದ ಪ್ರೋಗ್ರಾಮಿನಿಂದ ಒಂದು ಪದವನ್ನು ಅಳಿಸುತ್ತಿದ್ದಳು. ಪದ 'ಫ್ಲೋಟ್'. ಮುಂದಿರುವುದನ್ನು ಬರಿಯ ಅಕ್ಷರ ಎಂದು ತಿಳಿಯಬೇಡ, ಸಂಖ್ಯೆ ಎಂದು ತಿಳಿ ಎಂದು ಕಂಪ್ಯೂಟರಿಗೆ ಹೇಳುವ ಪದ ಅದು. ಅದು ಇದ್ದಷ್ಟು ಹೊತ್ತೂ ಪರದೆಯ ಮೇಲೆ ಕೆಂಪಕ್ಷರದ ಒಂದೇ ತಕರಾರು ಬರುತ್ತಿತ್ತು: ಹನ್ನೊಂದನೆಯ ಸಾಲಿನಲ್ಲಿರುವ ನಲವತ್ತನ್ನು ಸಂಖ್ಯೆಯಾಗಿ ಮಾಡಲು ಬರುವುದಿಲ್ಲ.

ನಲವತ್ತು ಸಂಖ್ಯೆಯಲ್ಲ ಎನ್ನುವ ಯಂತ್ರದ ಜೊತೆ ವಾದ ಮಾಡುವಷ್ಟು ಸಮಯ ಅವಳಲ್ಲಿರಲಿಲ್ಲ. ಒಂಬತ್ತೂ ಕಾಲಿಗೆ ತೀರ್ಥಹಳ್ಳಿಯ ಬಸ್ಸು. ಅಂಕಿಗಳನ್ನೆಲ್ಲ ಅವಳು ಕನ್ನಡದಲ್ಲೇ ಟೈಪ್ ಮಾಡಿದ್ದಳು. ಇದಕ್ಕೆ ಕನ್ನಡ ಅಂಕಿ ಗೊತ್ತಿಲ್ಲ, ಅಷ್ಟೇ ಎಂದು ತೀರ್ಮಾನಿಸಿದಳು. ಪದ ಅಳಿಸಿದಳು. ಕಂಪ್ಯೂಟರು ಬಾಯಿ ಮುಚ್ಚಿತು. ಹದಿನಾಲ್ಕು ದಿನದಿಂದ ಬಾರದೇ ಇದ್ದ ಗ್ರಾಫ್ ಬಂದೇ ಬಿಟ್ಟಿತು.

ಗೆರೆ ಏರುತ್ತಾ ಹೋಗಿತ್ತು.

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಎಡಗಡೆ ಕೆಳಮೂಲೆಯಲ್ಲಿ ಶುರುವಾದ ಗೆರೆ, ನಡುನಡುವೆ ಕುಸಿದರೂ ಮತ್ತೆ ಎದ್ದು, ಬಲಗಡೆ ಮೇಲ್ಮೂಲೆ ಮುಟ್ಟಿತ್ತು. ಕೊನೆಯ ಹತ್ತಿರ ಒಂದು ಕಡೆ ಮಾತ್ರ ಧಡಕ್ಕನೆ ತಳಕ್ಕೆ ಬಿದ್ದು ಮೇಲೆ ಬಂದಿತ್ತು. ಅದೊಂದು ಒಳ್ಳೆಯ ದಿನ ಇದ್ದಿರಬೇಕು ಅಂದುಕೊಂಡಳು.

ಗ್ರಾಫ್ ಇದ್ದದ್ದು ಅವಳ ತಮ್ಮ ರವೀಶನದು. ರವೀಶನಿಗೆ ಮೂವತ್ತೇಳು. ಜೆರಾಕ್ಸ್ ಅಂಗಡಿಗೆ ಅಂಟಿಕೊಂಡ ಸಣ್ಣ ಶಟರಿನಲ್ಲಿ ಮಿಕ್ಸಿ, ರೇಡಿಯೊ, ಕೈಗಡಿಯಾರ ರಿಪೇರಿ ಮಾಡುತ್ತಾನೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತುಮರಿಯ ಮನೆಯಿಂದ ಸಾಗರಕ್ಕೆ ಹೊರಟವನು, ಹಿನ್ನೀರು ದಾಟಿ ಹೊಳೆಬಾಗಿಲಿನಲ್ಲಿ ಎಲ್ಲರೂ ಲಾಂಚಿನಿಂದ ಇಳಿದರೂ ಕಂಬಿ ಹಿಡಿದು ನಿಂತೇ ಇದ್ದ. ಕಣ್ಣು ತೆರೆದಿತ್ತು. ಕರೆದರೆ ಉತ್ತರವಿರಲಿಲ್ಲ. ಆಮೇಲೆ ತಾನಾಗಿ ಎಚ್ಚೆತ್ತು, "ಬಂತಾ?" ಎಂದು ಕೇಳಿ ಇಳಿದ. ಅವತ್ತಿನಿಂದ ಅದು ಬರುತ್ತಲೇ ಇದೆ. ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ. ಕೂತಲ್ಲೇ ಸ್ವಲ್ಪ ಹೊತ್ತು ಅವನಿರುವುದಿಲ್ಲ. ವಾಪಸು ಬಂದಾಗ ಅರ್ಧಕ್ಕೆ ಬಿಟ್ಟ ಮಾತನ್ನು ಮುಂದುವರಿಸುತ್ತಾನೆ. ಮೂರ್ಛೆರೋಗದಲ್ಲಿ ಇದೂ ಒಂದು ಬಗೆ ಎಂದು ಡಾಕ್ಟರು ಉದ್ದನೆಯ ಹೆಸರು ಹೇಳಿದ್ದರು. ಮನೆಯಲ್ಲಿ ಅದಕ್ಕೆ 'ಕರೆಂಟ್ ಹೋಗೋದು' ಎನ್ನುತ್ತಾರೆ. ಆ ಹೆಸರಿಟ್ಟವನು ರವೀಶನೇ.

ಮೊದಲಿದ್ದ ಮಾತ್ರೆ ಕರೆಂಟನ್ನೇನೋ ತಡೆದಿತ್ತು. ಆದರೆ ಅವನ ಕೈ ನಡುಗಲು ಶುರುವಾಯಿತು. ಏಳು ತಿಂಗಳು ನಡುಗಿತು. ಗಡಿಯಾರದ ತಿರುಪು ಚಿಮುಟಕ್ಕೆ ಸಿಗುತ್ತಿರಲಿಲ್ಲ. ಬೆಸುಗೆಯ ಸೀಸ ಬೇಕಾದಲ್ಲಿ ಬಿಟ್ಟು ಪಕ್ಕಕ್ಕೆ ತೊಟ್ಟಿಕ್ಕುತ್ತಿತ್ತು. ಗಿರಾಕಿಗಳು ತಾವಾಗಿ ಕಡಿಮೆಯಾದರು. ರವೀಶ ಶಟರು ಎತ್ತಿ, ಕೈಯೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ. ಆಗ ತೀರ್ಥಹಳ್ಳಿಗೆ ತಿಂಗಳಿಗೊಂದು ಶನಿವಾರ ಬರುವ ನರರೋಗದ ಡಾಕ್ಟರು ವಿನಯಾ ಬೇರೆ ಮಾತ್ರೆ ಕೊಟ್ಟರು. ಕೈ ನಿಂತಿತು. ಕರೆಂಟು ಮತ್ತೆ ಹೋಗತೊಡಗಿತು, ವಾರಕ್ಕೆ ಮೂರೋ ನಾಲ್ಕೋ ಸಲ.

"ಎಷ್ಟು ಸಲ ಅನ್ನೋದಕ್ಕಿಂತ ಎಷ್ಟು ಹೊತ್ತು ಅನ್ನೋದು ನನಗೆ ಮುಖ್ಯ," ಎಂದಿದ್ದರು ಡಾಕ್ಟರು. "ಪ್ರತಿ ಸಲ ಎಷ್ಟು ಸೆಕೆಂಡು ಅಂತ ಬರೆದಿಡಿ. ಸಮಯ ಕಡಿಮೆ ಆಗ್ತಾ ಬಂದ್ರೆ ಈ ಮಾತ್ರೆನೇ ಇಟ್ಕೊಳ್ಳೋಣ. ಜಾಸ್ತಿ ಆಗ್ತಿದ್ರೆ ಹಳೇದಕ್ಕೇ ಹೋಗ್ಬೇಕಾಗತ್ತೆ, ಬೇರೆ ದಾರಿ ಇಲ್ಲ."

ಸರೋಜ ಬರೆದಿಟ್ಟಳು. ಹದಿನಾಲ್ಕು ತಿಂಗಳು, ಇನ್ನೂರ ಹದಿನಾಲ್ಕು ಸಾಲು. ಪಕ್ಕದ ಶಟರಿನಲ್ಲಿ ತಿರುಪುಳಿಯ ಸದ್ದು ನಿಂತರೆ ಅವಳ ಕೈ ತಾನಾಗಿ ಫೋನಿನ ಸ್ಟಾಪ್‌ವಾಚಿಗೆ ಹೋಗುತ್ತಿತ್ತು. ಎದ್ದು ಹೋಗಿ ಎದುರು ನಿಂತು, ಅವನು ವಾಪಸು ಬಂದ ಕ್ಷಣಕ್ಕೆ ಒತ್ತಿ, ನೋಟ್‌ಬುಕ್ಕಿನಲ್ಲಿ ಬರೆದು, ಏನೂ ಆಗದವಳಂತೆ ಜೆರಾಕ್ಸಿಗೆ ಮರಳುತ್ತಿದ್ದಳು. ಶನಿವಾರ ಆ ವಾರದ್ದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಅವಳು ಮನೆಗೆಂದು ತುಮರಿಗೆ ಹೋದ ವಾರಗಳಲ್ಲಿ, ಹೊಲಿಗೆಯಂಗಡಿಯ ಕಾವ್ಯಾ ನೋಡಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ರವೀಶ ಓದದೆ ಹಾಗೇ ಫೋನಿನಲ್ಲಿ ಒತ್ತಿ ಕಳಿಸುತ್ತಿದ್ದ. ಓದದೆ ಒತ್ತುವುದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಕಳೆದ ತಿಂಗಳು ಡಾಕ್ಟರು ನೋಟ್‌ಬುಕ್ಕನ್ನು ತಿರುವಿ ನೋಡಿ ವಾಪಸು ಕೊಟ್ಟರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. "ಇನ್ನೂರು ಸಾಲು ನಾನು ಹೇಗೆ ಓದ್ಲಿ, ಸರೋಜ ಅವ್ರೇ? ಒಂದ್ಸಲ ನಲವತ್ತು, ಒಂದ್ಸಲ ಹದಿನೆಂಟು, ಮತ್ತೆ ಐವತ್ತು. ಒಂದು ಗ್ರಾಫ್ ಮಾಡ್ಕೊಂಡು ಬನ್ನಿ. ಮುಂದಿನ ತಿಂಗಳು ತೀರ್ಮಾನ ಮಾಡಿಬಿಡೋಣ."

ಗ್ರಾಫ್ ಎಂದರೆ ಸರೋಜ ಹೆದರುವವಳಲ್ಲ. ನಲವತ್ತಾರು ವರ್ಷದ ಅವಳು ಸಾಗರದಲ್ಲಿ ಬಿ.ಎಸ್ಸಿ. ಮುಗಿಸಿದವಳು, ಭೌತಶಾಸ್ತ್ರದ ಪ್ರಯೋಗದ ಪುಸ್ತಕದಲ್ಲಿ ಅವಳ ಗ್ರಾಫುಗಳನ್ನು ಮೇಷ್ಟರು ಬೇರೆಯವರಿಗೆ ತೋರಿಸುತ್ತಿದ್ದರು. ಎಂ.ಎಸ್ಸಿ. ಆಗಲಿಲ್ಲ, ಟೈಪಿಂಗ್ ಕಲಿತಳು, ಈ ಅಂಗಡಿಗೆ ಬಂದಳು, ಇಪ್ಪತ್ತೆರಡು ವರ್ಷದಿಂದ ಅರ್ಜಿ, ಕರಾರುಪತ್ರ, ಪಹಣಿ ಎಂದು ದಿನವಿಡೀ ಟೈಪ್ ಮಾಡಿದಳು. ಎರಡು ವರ್ಷದ ಹಿಂದೆ ಬಿ.ಸಿ.ಎ. ಮಕ್ಕಳಿಗೆಂದು ಪೈಥಾನ್ ಪ್ರಯೋಗದ ಪುಸ್ತಕವನ್ನು ಎಂಬತ್ತು ಪ್ರತಿ ಜೆರಾಕ್ಸ್ ಮಾಡಿದಾಗ, ಯಂತ್ರದ ಡ್ರಮ್ಮಿನ ಗೀರು ಬಿದ್ದು ಕೆಟ್ಟುಹೋದ ಒಂದು ಪ್ರತಿ ಉಳಿಯಿತು. ಬಿಸಾಡಲು ಮನಸ್ಸಾಗದೆ ಓದಿದಳು. ಪ್ರತಿ ಪುಟದ ಬಲಗಡೆ ಕಪ್ಪು ಪಟ್ಟೆ. ಅದರಡಿಯ ಅಕ್ಷರಗಳನ್ನು ಊಹೆಯಿಂದ ತುಂಬಿಕೊಂಡಳು. ಪೈಥಾನ್ ಅವಳಿಗೆ ಹಾಗೆ ಬಂದದ್ದು, ಪಟ್ಟೆಯೊಂದನ್ನು ಬಿಟ್ಟು.

ಆ ಪುಸ್ತಕದ ಕೊನೆಯಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಎಂಬ, ಗ್ರಾಫ್ ಬಿಡಿಸುವ ಸಲಕರಣೆಯ ಬಗ್ಗೆ ನಾಲ್ಕು ಪುಟ ಇತ್ತು. ಅದನ್ನೇ ನಂಬಿ ಹೊರಟಳು. ಮೊದಲ ತಪ್ಪು, ತನ್ನ ಪ್ರೋಗ್ರಾಮಿಗೆ ಸಲಕರಣೆಯ ಹೆಸರನ್ನೇ ಇಟ್ಟದ್ದು. ಕಂಪ್ಯೂಟರು ಮ್ಯಾಟ್‌ಪ್ಲಾಟ್‌ಲಿಬ್ ಎಲ್ಲಿ ಎಂದು ಹುಡುಕುತ್ತಾ ಅವಳದೇ ಕಡತವನ್ನು ತೆರೆಯುತ್ತಿತ್ತು, ಅದರೊಳಗೆ ಮತ್ತೆ ಮ್ಯಾಟ್‌ಪ್ಲಾಟ್‌ಲಿಬ್ ಎಲ್ಲಿ ಎಂದು ಹುಡುಕುತ್ತಿತ್ತು. ಇದು ತಿಳಿಯಲು ಒಂದು ವಾರ ಹೋಯಿತು. ಆಮೇಲೆ ಪುಸ್ತಕದ ಮಾದರಿ ಚಿತ್ರ ಪರದೆಯ ಮೇಲೆ ಕಂಡರೂ ಉಳಿಸಿದ ಕಡತ ಬಿಳಿ ಹಾಳೆ. ತೋರಿಸಿ ಮುಚ್ಚಿದ ಮೇಲೆ ಉಳಿಸಲು ಹೇಳಿದರೆ ಅಲ್ಲೇನೂ ಇರುವುದಿಲ್ಲ, ಉಳಿಸುವ ಸಾಲು ಮೊದಲು ಬರಬೇಕು. ಅದಕ್ಕೆ ಮೂರು ದಿನ. ಆಮೇಲೆ ಈ ನಲವತ್ತು. ಈಗ ನಲವತ್ತೂ ಹೋಯಿತು, ಆದರೆ ಎಡಗಡೆ ಅಂಕಿ ಇರಬೇಕಾದ ಜಾಗದಲ್ಲಿ ಅಂಕಿ ಇರಲಿಲ್ಲ. ಸಣ್ಣ ಸಣ್ಣ ಖಾಲಿ ಚೌಕಗಳು ಒಂದರ ಮೇಲೊಂದು ಒತ್ತೊತ್ತಾಗಿ ಕೂತು, ಇಟ್ಟಿಗೆ ಗೋಡೆಯ ಹಾಗೆ ಕಾಣುತ್ತಿದ್ದವು. ಇದು ಫಾಂಟಿನ ತೊಂದರೆ, ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಬಳಸುವ ಫಾಂಟಿನಲ್ಲಿ ಕನ್ನಡ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಚೌಕ ಹಾಳಾಗಲಿ. ಗೆರೆ ಏರಿದೆಯಲ್ಲ.

ಏರಿದೆ ಎಂಬುದನ್ನು ಅವಳು ಯಾಕೆ ನಂಬಿದಳು? ಕಡಿಮೆಯಾಗುತ್ತಿದೆ ಎಂದೇ ಇಷ್ಟು ದಿನ ಅವಳಿಗೆ ಅನ್ನಿಸಿತ್ತು. ಆದರೆ ಅನ್ನಿಸುವುದು ಅಳತೆಯಲ್ಲ ಎಂದು ಕಲಿತವಳು ಅವಳು. ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದಳು. ಮೊದಲು ಕಣ್ಣಿಗೆ ಬಿದ್ದದ್ದು ಬುಧವಾರದ ೫೨. ಆ ಐವತ್ತೆರಡು ಸೆಕೆಂಡು ರವೀಶನ ಬಲಗೈಯಲ್ಲಿ ಕಾದ ಬೆಸುಗೆ ಕಡ್ಡಿ ಇತ್ತು. ಅವಳು ಓಡಿಹೋಗಿ ಅದನ್ನು ಕಿತ್ತುಕೊಳ್ಳುವಷ್ಟರಲ್ಲಿ ಎಡ ಮಣಿಕಟ್ಟಿನ ಮೇಲೆ ಹುಣಸೆಬೀಜದಷ್ಟು ಸುಟ್ಟಿತ್ತು. ನೋಟ್‌ಬುಕ್ಕು ಮುಚ್ಚಿದಳು. ಅನ್ನಿಸಿದ್ದೆಲ್ಲ ಆಸೆ, ಗೆರೆ ನಿಜ.

ಕೊನೆಯ ಅರವತ್ತು ಸಾಲು ಬಿಟ್ಟು ಬಿಡಿಸಿದರೆ? ಕೈ ತಾನಾಗಿ ಆ ಸಾಲು ಟೈಪ್ ಮಾಡಿತು. ಆಗಲೂ ಗೆರೆ ಏರಿಯೇ ಇತ್ತು. ಮೊದಲ ಐವತ್ತು ಬಿಟ್ಟಳು. ಏರಿಯೇ ಇತ್ತು. ಯಾವ ಕಡೆ ಕತ್ತರಿಸಿದರೂ ಏರುವ ಗೆರೆ. ತಾನು ಮಾಡುತ್ತಿರುವುದು ಏನು ಎಂದು ಹೊಳೆದು, ಎಲ್ಲವನ್ನೂ ಮೊದಲಿನಂತೆ ಮಾಡಿಟ್ಟಳು.

ಅಷ್ಟರಲ್ಲಿ ಶಟರಿನ ಕೆಳಗಿನಿಂದ ಒಂದು ತಲೆ ಒಳಗೆ ಬಂತು. ಮಂಜುನಾಥಪ್ಪ, ತಿಂಗಳಿಗೆ ಎರಡು ಸಲ ತಾಲ್ಲೂಕು ಆಫೀಸಿಗೆ ಬಂದು ಹೋಗುವ ಹಳೆಯ ಗಿರಾಕಿ.

"ಸರೋಜಮ್ಮ, ಬೇಗ ಬಂದ್ರಾ? ಪಹಣಿದು ಒಂದೇ ಒಂದು ಜೆರಾಕ್ಸು."

"ಇನ್ನೂ ತೆಗೆದಿಲ್ಲ ಮಂಜಣ್ಣ. ಒಂಬತ್ತಕ್ಕೆ ಮಾಲೀಕರು ಬರ್ತಾರೆ, ಆಗ ಬನ್ನಿ."

"ತೆಗೆದಿಲ್ಲ ಅಂದ್ರೆ ನೀವು ಒಳಗೆ ಹೆಂಗೆ ಹೋದ್ರಿ? ಒಂದೇ ಒಂದು."

ಸರೋಜ ಎದ್ದು ಜೆರಾಕ್ಸ್ ಮಾಡಿಕೊಟ್ಟಳು. ಹೋಗುವಾಗ ಅವರು ಪರದೆಯನ್ನು ನೋಡಿ, "ಓಹೋ, ಒಳ್ಳೇ ಏರಿಕೆ ಇದೆಯಲ್ಲ! ಅಡಿಕೆ ರೇಟಾ?" ಎಂದು ಕೇಳಿದರು.

"ಅಲ್ಲ," ಎಂದಳು ಸರೋಜ. ಅವರು ಹೋದ ಮೇಲೆ ಪ್ರಿಂಟು ತೆಗೆದಳು.

ರವೀಶ ಎಂಟೂವರೆಗೆ ಚಹಾದ ಫ್ಲಾಸ್ಕು ಹಿಡಿದು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಡಾಕ್ಟರ ಹತ್ತಿರ ಹೋಗುವ ದಿನ ಹಾಕುವ ಅಂಗಿ.

"ಬಂತೇನೇ ನಿನ್ನ ಗ್ರಾಫು?"

ಅವಳು ಹಾಳೆ ಮಗುಚಿಟ್ಟಳು. ಅವನು ಅದನ್ನು ಎತ್ತಿ ನೋಡಿದ. ತುಂಬಾ ಹೊತ್ತು ನೋಡಿದ. ಕರೆಂಟು ಹೋಯಿತೇನೋ ಎಂದು ಅವಳ ಕೈ ಫೋನಿನ ಕಡೆ ಹೋಗುವಷ್ಟು ಹೊತ್ತು.

"ಇದ್ದೀನಿ ಮಾರಾಯ್ತಿ, ಗಡಿಯಾರ ಒತ್ತಬೇಡ," ಎಂದ. "ಮೇಲೆ ಹೋಗಿದೆ ಅಲ್ವಾ? ಮೇಲೆ ಅಂದ್ರೆ ಜಾಸ್ತಿ?"

"ಹೂಂ."

"ನಂಗೆ ಕಡಿಮೆ ಆದಂಗೆ ಇತ್ತು."

"ನಿಂಗೆ ಹೆಂಗೆ ಗೊತ್ತಾಗ್ತದೆ? ಹೋದವನು ನೀನು. ನಿಂತು ನೋಡಿದವಳು ನಾನು."

ಹೇಳಿದ ಮೇಲೆ ಅದು ಅಷ್ಟು ಒರಟಾಗಿ ಬರಬಾರದಿತ್ತು ಅನ್ನಿಸಿತು. ರವೀಶ ಲೋಟಕ್ಕೆ ಚಹಾ ಬಗ್ಗಿಸಿದ, ಒಂದು ಹನಿ ಚೆಲ್ಲದಂತೆ, ಅಂಚಿನವರೆಗೆ ತುಂಬಿಸಿ ಅವಳ ಕೈಗೆ ಕೊಟ್ಟ. ತನ್ನ ಕೈ ಎಷ್ಟು ಗಟ್ಟಿಯಿದೆ ಎಂದು ತೋರಿಸಲು ಹಾಗೆ ಮಾಡಿದನೋ, ಕೊನೆಯ ಸಲಕ್ಕೆ ಎಂದು ಮಾಡಿದನೋ ಅವಳಿಗೆ ತಿಳಿಯಲಿಲ್ಲ. ಕುಡಿಯಲಾಗಲಿಲ್ಲ.

ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಅಂಗಡಿಯ ಹಳೆಯ ಲ್ಯಾಪ್‌ಟಾಪಿನ ಚೀಲ, ಅವನ ಕೈಯಲ್ಲಿ ಹಾಳೆ. ದಾರಿಯುದ್ದಕ್ಕೂ ಅವನು ಅದನ್ನು ಬಿಚ್ಚಿ ನೋಡುತ್ತಿದ್ದ, ಮಡಿಸುತ್ತಿದ್ದ. ನಡುವೆ ಒಮ್ಮೆ, "ಸುಬ್ಬಣ್ಣನ ಗಡಿಯಾರ ಒಂದು ಬಾಕಿ ಇದೆ. ಸೋಮವಾರ ಮಾಡಿ ಕೊಟ್ಬಿಡ್ತೀನಿ. ಹಳೇ ಮಾತ್ರೆ ತಗೊಂಡ್ರೂ ಕೈ ನಡುಗಕ್ಕೆ ಒಂದು ವಾರ ಬೇಕಲ್ಲ," ಎಂದ. ಸರೋಜ ಕಿಟಕಿಯ ಕಡೆ ತಿರುಗಿದಳು.

ಕ್ಲಿನಿಕ್ಕಿನಲ್ಲಿ ಒಂಬತ್ತನೆಯ ಟೋಕನ್. ಅವರ ಸರದಿ ಬಂದಾಗ ಹನ್ನೊಂದು ಐವತ್ತೈದು. ಡಾಕ್ಟರು ವಿನಯಾ ಹಾಳೆ ಬಿಡಿಸಿ ಮೇಜಿನ ಮೇಲಿಟ್ಟು, ಎಡದಿಂದ ಬಲಕ್ಕೆ ಪೆನ್ನಿನ ತುದಿಯಿಂದ ಗೆರೆಯನ್ನು ಹಿಂಬಾಲಿಸಿದರು.

"ಏರ್ತಾ ಇದೆ," ಎಂದರು. ದನಿಯಲ್ಲಿ ಬೇಸರವಿತ್ತು. "ನಾನು ಬೇರೆ ಥರ ನಿರೀಕ್ಷೆ ಮಾಡಿದ್ದೆ. ರವೀಶ್, ಹಳೇ ಮಾತ್ರೆನ ಸಣ್ಣ ಡೋಸಿನಿಂದ ಶುರು ಮಾಡೋಣ. ನಡುಕ ಬಂದ್ರೆ..."

"ಬಂದೇ ಬರ್ತದೆ ಡಾಕ್ಟ್ರೇ," ಎಂದ ರವೀಶ, ನಗುತ್ತಾ.

ಡಾಕ್ಟರು ಚೀಟಿಯ ಮೇಲೆ ಪೆನ್ನಿಟ್ಟವರು ತಡೆದರು. "ಎಷ್ಟರಿಂದ ಎಷ್ಟಕ್ಕೆ ಏರಿದೆ ಇದು? ಅಂಕಿ ಎಲ್ಲಿ? ಏನಿದು, ಇಟ್ಟಿಗೆ ಗೂಡಾ?"

"ಫಾಂಟಿನ ತೊಂದರೆ, ಮೇಡಂ. ಕನ್ನಡ ಅಂಕಿ ಬರ್ತಿಲ್ಲ."

"ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಏರಿದ್ರೂ ಹೀಗೇ ಕಾಣತ್ತೆ, ಇಪ್ಪತ್ತರಿಂದ ಅರವತ್ತಕ್ಕೆ ಏರಿದ್ರೂ ಹೀಗೇ ಕಾಣತ್ತೆ. ಅಂಕಿ ಇಲ್ದೆ ಡೋಸ್ ಬರೆಯೋಕೆ ಆಗಲ್ಲ. ಲ್ಯಾಪ್‌ಟಾಪ್ ತಂದಿದ್ದೀರಲ್ಲ, ಸರಿ ಮಾಡ್ಕೊಂಡು ಬನ್ನಿ. ಒಂದೂವರೆಗೆ ನಾನು ಹೊರಡ್ತೀನಿ. ಆಮೇಲೆ ಮುಂದಿನ ತಿಂಗಳೇ."

ಹೊರಗೆ ಸಿಮೆಂಟಿನ ಬೆಂಚು. ಸರೋಜ ಲ್ಯಾಪ್‌ಟಾಪು ತೆರೆದಳು.

"ಬ್ಯಾಟರಿ ನಾನು ಕಟ್ಟಿದ್ದು, ಒಂದೂವರೆ ಗಂಟೆ ಗ್ಯಾರಂಟಿ," ಎಂದ ರವೀಶ. ಅವಳು ನಗಲಿಲ್ಲ. ತಮ್ಮನ ಶಿಕ್ಷೆ ಎಷ್ಟು ಎಂದು ಬರೆಯಲು ಡಾಕ್ಟರಿಗೆ ಅಂಕಿ ಹುಡುಕಿಕೊಡುವ ಕೆಲಸ ತನ್ನದು. ಬೆರಳು ತಣ್ಣಗಾಗಿ ಎರಡೆರಡು ಅಕ್ಷರ ಒಟ್ಟಿಗೆ ಒತ್ತುತ್ತಿತ್ತು.

ಕನ್ನಡಕ್ಕೆ 'ತುಂಗಾ' ಎಂಬ ಫಾಂಟ್ ಇದೆ ಎಂದು ಅವಳಿಗೆ ಗೊತ್ತಿತ್ತು. ಅಂಗಡಿಯ ದೊಡ್ಡ ಕಂಪ್ಯೂಟರಿನಲ್ಲಿ ದಿನವೂ ಬಳಸುತ್ತಿದ್ದಳು. ಅದರ ಹೆಸರು ಕೊಟ್ಟು ಓಡಿಸಿದಳು. ಕೆಂಪಕ್ಷರ ಬಂತು.

"ಏನಂತೆ?" ರವೀಶ ಬಗ್ಗಿ ನೋಡಿದ.

"ತುಂಗಾ ಸಿಗಲಿಲ್ಲ ಅಂತಿದೆ."

"ತೀರ್ಥಹಳ್ಳಿಯಲ್ಲಿ ಕೂತ್ಕೊಂಡು ತುಂಗಾ ಸಿಗಲ್ಲ ಅಂತದಾ? ನಾಲ್ಕು ಹೆಜ್ಜೆ ಹೋದ್ರೆ ಹೊಳೆ ಮಾರಾಯ್ತಿ, ಕರ್ಕೊಂಡು ಹೋಗಿ ತೋರ್ಸು."

ಪಕ್ಕದಲ್ಲಿ ಕೂತ ಮುದುಕಿಯೊಬ್ಬರು ನಕ್ಕರು. ಸರೋಜ ರವೀಶನ ಫೋನಿನ ಇಂಟರ್ನೆಟ್ ಹಿಡಿದು ಬೇರೆ ಕನ್ನಡ ಫಾಂಟ್ ಇಳಿಸಿದಳು. ಹನ್ನೆರಡು ಇಪ್ಪತ್ತು. ಹಾಕಿದಳು. ಮತ್ತೆ ಅದೇ ಚೌಕ. ಹೊಸ ಫಾಂಟ್ ಬಂದದ್ದು ಮ್ಯಾಟ್‌ಪ್ಲಾಟ್‌ಲಿಬ್‌ಗೆ ಗೊತ್ತೇ ಇಲ್ಲ. ಅದು ಹಿಂದೆಂದೋ ಮಾಡಿಟ್ಟ ತನ್ನ ಪಟ್ಟಿಯನ್ನೇ ನೋಡುತ್ತದೆ, ಆ ಪಟ್ಟಿಯ ಕಡತ ಅಳಿಸಬೇಕು ಎಂದು ಎಲ್ಲೋ ಓದಿ, ಆ ಕಡತ ಎಲ್ಲಿದೆ ಎಂದು ಹುಡುಕುತ್ತಾ ಹೋದಳು. ಹನ್ನೆರಡು ನಲವತ್ತು. ಒಳಗಿನಿಂದ ಟೋಕನ್ ಹದಿನಾರು ಎಂದು ಕೂಗಿದರು. ಅವಳಿಗೆ ಕಣ್ಣು ಮಂಜಾಯಿತು. ಎರಡೂ ಕೈ ಮುಖಕ್ಕೆ ಒತ್ತಿಕೊಂಡು, "ಆಗಲ್ಲ ರವಿ, ನನ್ನ ಕೈಲಿ ಆಗಲ್ಲ," ಎಂದಳು.

ರವೀಶ ಹಾಳೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಕೂತಿದ್ದ. ಕೆಟ್ಟ ಯಂತ್ರದ ಎದುರು ಕೂರುವಂತೆಯೇ ಕೂತಿದ್ದ, ಬಿಚ್ಚುವ ಮೊದಲು ಸುಮ್ಮನೆ ನೋಡುತ್ತಾ.

"ಅಕ್ಕ, ಬುಧವಾರದ್ದು ಇದರಲ್ಲಿ ಎಲ್ಲಿದೆ?"

"ಕೊನೆಯಿಂದ ಮೂರನೇದು. ಬಿಡು ಈಗ."

"ಕೊನೆಯಿಂದ ಮೂರನೇದು ಅಂದ್ರೆ ಇದು." ಅವನ ಬೆರಳು ಗೆರೆ ಧಡಕ್ಕನೆ ತಳಕ್ಕೆ ಬಿದ್ದ ಜಾಗದ ಮೇಲಿತ್ತು. ಮಣಿಕಟ್ಟಿನ ಸುಟ್ಟ ಕಲೆ ಅದರ ಪಕ್ಕದಲ್ಲೇ ಇತ್ತು. "ಅವತ್ತು ಇಷ್ಟು ಸುಡೋವಷ್ಟು ಹೊತ್ತು ಹೋಗಿದ್ದೆ. ಮತ್ತೆ ಇದು ಕೆಳಗೆ ಯಾಕಿದೆ?"

ಸರೋಜ ಕೈ ತೆಗೆದು ನೋಡಿದಳು. ಒಂದು, ಎರಡು, ಮೂರು ಎಂದು ಬಲಗಡೆಯಿಂದ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಐವತ್ತೆರಡು ಸೆಕೆಂಡಿನ ಬುಧವಾರ ಗ್ರಾಫಿನ ತಳದಲ್ಲಿತ್ತು. ಅದರ ಮರುದಿನದ ಒಂಬತ್ತು ಸೆಕೆಂಡು ಎಲ್ಲಕ್ಕಿಂತ ಮೇಲೆ ಇತ್ತು.

ಗೆರೆ ಸುಳ್ಳು ಹೇಳುತ್ತಿತ್ತು.

ಅವಳು ಫಾಂಟನ್ನು ಅಲ್ಲಿಗೇ ಬಿಟ್ಟಳು. ಎಷ್ಟೋ ದಿನದ ಮೇಲೆ ಅವಳ ತಲೆ ಪ್ರಯೋಗಶಾಲೆಯ ಮೇಜಿನ ಮುಂದೆ ನಿಂತಂತೆ ನಿಂತಿತು. ಫ್ಲೋಟ್ ಎಂಬ ಪದ ತೆಗೆದವಳು ತಾನು. ಸಂಖ್ಯೆ ಎಂದು ಹೇಳದಿದ್ದರೆ ಕಂಪ್ಯೂಟರಿಗೆ ೫೨ ಎನ್ನುವುದು ಒಂದು ಹೆಸರು, ಅಷ್ಟೇ. ಹೆಸರುಗಳಲ್ಲಿ ದೊಡ್ಡದು ಚಿಕ್ಕದು ಇರುವುದಿಲ್ಲ. ಹಾಗಾಗಿ ಅದು ಈ ಕ್ಲಿನಿಕ್ಕಿನವರು ಮಾಡಿದ್ದನ್ನೇ ಮಾಡಿದೆ: ಬಂದ ಕ್ರಮದಲ್ಲಿ ಟೋಕನ್ ಕೊಟ್ಟಿದೆ. ಮೊದಲ ಸಾಲುಗಳಲ್ಲಿ ಬಂದ ೪೮, ೬೧, ೫೨ ತಳದ ಮೆಟ್ಟಿಲಿಗೆ. ತಿಂಗಳುಗಳ ಮೇಲೆ ಮೊದಲ ಸಲ ಬಂದ ೧೪, ೧೧, ೯ ತುದಿಯ ಮೆಟ್ಟಿಲಿಗೆ. ಹೊಸ ಅಂಕಿ ಬಂದಾಗಲೆಲ್ಲ ಗೆರೆ ಒಂದು ಮೆಟ್ಟಿಲು ಏರುತ್ತದೆ. ಏನನ್ನು ಕೊಟ್ಟಿದ್ದರೂ ಅದು ಏರುತ್ತಿತ್ತು.

ಪದವನ್ನು ಮತ್ತೆ ಸೇರಿಸಿದಳು. ಓಡಿಸಿದಳು. ಹನ್ನೊಂದನೆಯ ಸಾಲು, ಅದೇ ನಲವತ್ತು, ಅದೇ ತಕರಾರು. ಹನ್ನೆರಡು ಐವತ್ತೆರಡು.

ಕನ್ನಡ ಅಂಕಿ ಗೊತ್ತಿಲ್ಲ ಎಂದು ಬೆಳಿಗ್ಗೆ ಊಹಿಸಿದ್ದಳು, ಪರೀಕ್ಷೆ ಮಾಡಿರಲಿಲ್ಲ. ಈಗ ಒಂದೊಂದಾಗಿ ಕೊಟ್ಟು ನೋಡಿದಳು. ೪೮ ಕೊಟ್ಟಳು: ನಲವತ್ತೆಂಟು ಎಂದು ಇಂಗ್ಲಿಷ್ ಅಂಕಿಯಲ್ಲಿ ಉತ್ತರ ಬಂತು. ೬೧ ಕೊಟ್ಟಳು, ಬಂತು. ಪೈಥಾನಿಗೆ ಕನ್ನಡ ಅಂಕಿ ಚೆನ್ನಾಗಿಯೇ ಬರುತ್ತಿತ್ತು. ಹನ್ನೊಂದನೆಯ ಸಾಲಿನ ನಲವತ್ತು ಕೊಟ್ಟಳು, ಆಗಲಿಲ್ಲ. ನೂರ ಮೂರನೆಯ ಸಾಲಿನಲ್ಲೂ ಒಂದು ನಲವತ್ತು ಇತ್ತು, ರವೀಶ ಫೋನಿನಿಂದ ಕಳಿಸಿದ್ದು. ಅದನ್ನು ಕೊಟ್ಟಳು, ಆಯಿತು.

ಎರಡು ನಲವತ್ತುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಳು. ನಾಲ್ಕು, ಪಕ್ಕದಲ್ಲಿ ಒಂದು ದುಂಡು. ನಾಲ್ಕು, ಪಕ್ಕದಲ್ಲಿ ಒಂದು ದುಂಡು. ಕಣ್ಣಿಗೆ ಯಾವ ಭೇದವೂ ಇಲ್ಲ. ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನೊಳಗೆ ಒಂದು ಕ್ರಮಸಂಖ್ಯೆ ಇರುತ್ತದೆ, ಅದನ್ನು ಕೇಳಿದಳು. ರವೀಶನ ದುಂಡಿಗೆ ೩೩೦೨. ಅವಳ ದುಂಡಿಗೆ ೩೨೦೨.

ಅವಳ ದುಂಡು ಸೊನ್ನೆಯಾಗಿರಲಿಲ್ಲ. ಅನುಸ್ವಾರವಾಗಿತ್ತು.

ಸಾಗರದ ಟೈಪಿಂಗ್ ತರಗತಿಯಲ್ಲಿ ಅವಳಿಗೆ ಸಿಕ್ಕಿದ್ದ ಕನ್ನಡ ಯಂತ್ರದ ಸೊನ್ನೆಯ ಕೀಲಿ ಮುರಿದಿತ್ತು. "ಅಂ ಅನ್ನೋದರ ದುಂಡು ಹೊಡಿ ಮಗಾ, ಕಾಗದದ ಮೇಲೆ ಯಾರಿಗೂ ಗೊತ್ತಾಗಲ್ಲ," ಎಂದಿದ್ದರು ಹೇಳಿಕೊಡುವವರು. ಇಪ್ಪತ್ತೈದು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಎಷ್ಟೋ ಅರ್ಜಿ, ಎಷ್ಟೋ ಕರಾರುಪತ್ರ, ಎಲ್ಲದರ ಹತ್ತು ಇಪ್ಪತ್ತು ನೂರುಗಳಲ್ಲೂ ಅವಳ ಬೆರಳು ಕಂದವನ್ನೂ ಅಂಗಳವನ್ನೂ ಬರೆಯುವ ಅದೇ ದುಂಡನ್ನು ಒತ್ತುತ್ತಾ ಬಂದಿತ್ತು. ಬೆಳಿಗ್ಗೆ ಕಂಪ್ಯೂಟರು ಹೇಳಿದ್ದು ಅದನ್ನೇ. ಅವಳು ಅದರ ಬಾಯಿ ಮುಚ್ಚಿಸಿದ್ದಳು.

"ಏನೇ ಆಯ್ತು?" ರವೀಶ ಕೇಳಿದ. "ಅಳ್ತಿದ್ದೀಯಾ?"

"ಮಾತಾಡಿಸ್ಬೇಡ. ಹತ್ತು ನಿಮಿಷ ಮಾತಾಡಿಸ್ಬೇಡ ನನ್ನ."

ಅನುಸ್ವಾರ ಕಂಡಲ್ಲೆಲ್ಲ ಸೊನ್ನೆ ಇಡು ಎಂದು ಒಂದು ಸಾಲು ಸೇರಿಸಿದಳು. ಆ ಒಂದು ಸಾಲಿಗೆ ಹನ್ನೆರಡು ನಿಮಿಷ ಹಿಡಿಯಿತು. ಬೆರಳು ಮತ್ತೆ ಮತ್ತೆ ಹಳೆಯ ದುಂಡಿಗೇ ಹೋಗುತ್ತಿತ್ತು. ಕೊನೆಗೆ ರವೀಶನನ್ನು ಕರೆದು, "ಸೊನ್ನೆ ನೀನು ಒತ್ತು," ಎಂದು ಅವನ ಫೋನಿನಿಂದ ಒಂದು ಸೊನ್ನೆ ಕಳಿಸಿಕೊಂಡು ಅದನ್ನೇ ಅಂಟಿಸಿದಳು. ಓಡಿಸಿದಳು.

ಚೌಕಗಳು ತಾವಾಗಿ ಮಾಯವಾಗಿದ್ದವು. ಎಡಗಡೆ ಸೊನ್ನೆ, ಹತ್ತು, ಇಪ್ಪತ್ತು ಎಂದು ಎಪ್ಪತ್ತರವರೆಗೆ ಇಂಗ್ಲಿಷ್ ಅಂಕಿ ಅಚ್ಚುಕಟ್ಟಾಗಿ ನಿಂತಿತ್ತು; ಸಂಖ್ಯೆಯನ್ನು ಸಂಖ್ಯೆ ಎಂದ ಮೇಲೆ ಅದಕ್ಕೆ ಕನ್ನಡ ಫಾಂಟಿನ ಹಂಗೇ ಇರಲಿಲ್ಲ. ಗೆರೆ ಎಡಗಡೆ ಐವತ್ತರ ಸುತ್ತ ಕುಣಿದು, ಕುಣಿಯುತ್ತಲೇ ಇಳಿದು, ಬಲಗಡೆ ಹತ್ತರ ಹತ್ತಿರ ಮಲಗಿತ್ತು. ಕೊನೆಯಲ್ಲಿ ಬುಧವಾರ ಒಂಟಿ ಕಂಬದಂತೆ ಎದ್ದಿತ್ತು.

ಡಾಕ್ಟರು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಿದ್ದರು. ಒಂದು ಇಪ್ಪತ್ತಾರು. ಪ್ರಿಂಟ್ ಇರಲಿಲ್ಲ, ಸರೋಜ ಲ್ಯಾಪ್‌ಟಾಪನ್ನೇ ಎರಡೂ ಕೈಯಲ್ಲಿ ತಟ್ಟೆಯಂತೆ ಹಿಡಿದು ಎದುರು ನಿಂತಳು.

"ಬೆಳಿಗ್ಗೆ ತೋರಿಸಿದ್ದು ತಪ್ಪು ಮೇಡಂ. ತಪ್ಪು ನಂದೇ. ಸೊನ್ನೆ ಟೈಪ್ ಮಾಡೋದು ನನಗೆ ಬರ್ತಿರಲಿಲ್ಲ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಆದರೆ ಪರದೆ ನೋಡಿದರು. ನಿಂತಲ್ಲೇ ಬಗ್ಗಿ, ಎಡದಿಂದ ಬಲಕ್ಕೆ, ಅಂಕಿ ಓದುತ್ತಾ ನೋಡಿದರು. ಬುಧವಾರದ ಮೇಲೆ ಬೆರಳಿಟ್ಟರು. "ಇದೊಂದು ಯಾಕೆ?"

ಸರೋಜ ತಮ್ಮನ ಕಡೆ ನೋಡಿದಳು. ರವೀಶ ಮಣಿಕಟ್ಟು ಉಜ್ಜಿಕೊಂಡ. "ಅದು ಬುಧವಾರದ್ದು ಡಾಕ್ಟ್ರೇ. ಸೋಮವಾರ ಮಾತ್ರೆ ಮುಗಿದಿತ್ತು. ಮೆಡಿಕಲ್‌ನಲ್ಲಿ ಇರಲಿಲ್ಲ. ಎರಡು ದಿನ ಬಿಟ್ಟಿದ್ದೆ."

"ನಂಗೆ ಹೇಳಿಲ್ಲ!" ಎಂದಳು ಸರೋಜ.

"ಹೇಳಿದ್ರೆ ನೀನು ಶಿವಮೊಗ್ಗದ ತನಕ ಹುಡುಕ್ಕೊಂಡು ಹೋಗ್ತಿದ್ದೆ."

"ಎರಡು ದಿನ ಬಿಟ್ಟದ್ದಕ್ಕೆ ಇಷ್ಟೆತ್ತರ," ಎಂದರು ಡಾಕ್ಟರು ಪರದೆ ತೋರಿಸಿ. "ಮಾತ್ರೆ ಕೆಲಸ ಮಾಡ್ತಿದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದನ್ನೇ ಮುಂದುವರಿಸಿ. ಇನ್ನೊಂದು ಸಲ ಬಿಟ್ರೆ ನಾನೇ ಬಂದು ನಿಮ್ಮ ಬೆಸುಗೆ ಕಡ್ಡಿ ಕಿತ್ಕೊಂಡು ಹೋಗ್ತೀನಿ." ಚೀಟಿ ತೆಗೆದು, ಹಳೆಯ ಮಾತ್ರೆಯ ಹೆಸರಿನ ಮೊದಲ ಎರಡಕ್ಷರ ಬರೆದಿದ್ದನ್ನು ಹೊಡೆದುಹಾಕಿದರು. ಆಮೇಲೆ ಬರೆಯುತ್ತಲೇ ಕೇಳಿದರು: "ಕೊನೇ ಇಪ್ಪತ್ತು ಸಲದ್ದು, ಬುಧವಾರ ಬಿಟ್ಟು, ಸರಾಸರಿ ಎಷ್ಟು?"

ಸರೋಜ ಲೆಕ್ಕ ಕೇಳಿ ಓಡಿಸಿದಳು. ಉತ್ತರ ಪರದೆಯ ಮೇಲಿತ್ತು. ಅವಳು ಲ್ಯಾಪ್‌ಟಾಪನ್ನು ಡಾಕ್ಟರ ಕಡೆ ತಿರುಗಿಸಿದಳು. ಅವರು ಚೀಟಿಯಿಂದ ತಲೆಯೆತ್ತಲಿಲ್ಲ. "ಹೇಳಿ," ಎಂದರು.

ಹದಿನಾಲ್ಕು ತಿಂಗಳಲ್ಲಿ ಅವಳು ಇನ್ನೂರ ಹದಿನಾಲ್ಕು ಸಾಲು ಬರೆದಿದ್ದಳು, ಟೈಪ್ ಮಾಡಿದ್ದಳು, ಮಡಿಸಿ ಕೊಟ್ಟಿದ್ದಳು. ರವೀಶನ ಎದುರು ಒಂದನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ತಾನು ಎಷ್ಟು ಹೊತ್ತು ಇಲ್ಲದೇ ಇರುತ್ತೇನೆ ಎಂದು ಅವನೂ ಕೇಳಿರಲಿಲ್ಲ. ಈಗ ಅವನು ಪಕ್ಕದಲ್ಲೇ ನಿಂತಿದ್ದ, ಕೈಯೆರಡನ್ನೂ ಎಲ್ಲೂ ಬಚ್ಚಿಡದೆ. ಸರೋಜ ಆ ಅಂಕಿಯನ್ನು ಹೇಳಿದ್ದು ಅದೊಂದೇ ಸಲ:

"ಹನ್ನೊಂದು ಸೆಕೆಂಡು."